ಬೀಗದೊಳಗಿದ್ದ ಬೀಸುವ ಪದಗಳು

ಎಂಬತ್ತರ ದಶಕದ ನಡುವಿನಲ್ಲಿ ನಾನು ಮುಂಬಯಿಯ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಪಿಎಚ್.ಡಿ. ಪ್ರಬಂಧಗಳ ವಿಭಾಗ ನೋಡಿಕೊಳ್ಳುತ್ತಿದ್ದೆ. ಪ್ರಬಂಧಗಳೆಲ್ಲ ಕಬ್ಬಿಣದ ಕಪಾಟುಗಳಲ್ಲಿ, ಕೀಲಿಕೈ ನನ್ನ ಪರ್ಸಿನಲ್ಲಿ. ಸದಸ್ಯರಲ್ಲದವರಿಗೆ ಪ್ರವೇಶವಿಲ್ಲ. ಸದಸ್ಯರಿಗೂ ಪ್ರಬಂಧ ಬರೆದವರ ಲಿಖಿತ ಒಪ್ಪಿಗೆ ಬೇಕು.

ಒಂದು ಮಧ್ಯಾಹ್ನ ಇಳಕಲ್ ಸೀರೆ ಉಟ್ಟ, ಐವತ್ತು ದಾಟಿದ ಹೆಂಗಸೊಬ್ಬಳು ಬಾಗಿಲಲ್ಲಿ ವಾಚ್‌ಮನ್ ಜೊತೆ ವಾದಿಸುತ್ತಿದ್ದಳು. ಅವಳ ಹಿಂದಿಯೊಳಗಿಂದ ಕನ್ನಡ ಇಣುಕಿದ್ದು ಕೇಳಿ ಎದ್ದು ಹೋದೆ.

"ಬಾಯಾರ, ನನ್ನ ಹಾಡು ಇಲ್ಲಿ ಅದಾವಂತ," ಎಂದಳು.

ಪರೇಲಿನ ಚಾಳಿನವಳು, ಗಂಡ ಗಿರಣಿ ಕೆಲಸದವನು. ಕೆಲವು ವರ್ಷಗಳ ಹಿಂದೆ ಸಂಶೋಧನೆಯ ಹುಡುಗಿಯೊಬ್ಬಳು ಟೇಪ್ ರೆಕಾರ್ಡರ್ ಹಿಡಿದು ಬಂದು, ಇವಳು ತಾಯಿಯಿಂದ ಕಲಿತಿದ್ದ ಬೀಸುವ ಪದಗಳನ್ನೆಲ್ಲ ಹಾಡಿಸಿಕೊಂಡಿದ್ದಳು. ಪುಸ್ತಕವಾದ ಮೇಲೆ ನಿನಗೂ ಒಂದು ಕೊಡುತ್ತೇನೆ ಎಂದವಳು ಮತ್ತೆ ಮುಖ ತೋರಿಸಿರಲಿಲ್ಲ. ಈಗ ಮಗಳ ಮದುವೆ ಹತ್ತಿರ ಬಂದಿತ್ತು. ಅರಿಷಿಣ ಬೀಸುವಾಗಿನ ಪದ ಅರ್ಧಕ್ಕೇ ನಿಲ್ಲುತ್ತಿತ್ತು. ಮುಂದಿನದು ಹೇಳಿಕೊಡಲು ತಾಯಿ ಬದುಕಿರಲಿಲ್ಲ.

ಆ ಹುಡುಗಿಯ ಹೆಸರು ಕೇಳಿ ಕ್ಯಾಟಲಾಗಿನ ಕಾರ್ಡು ತೆಗೆದು ನೋಡಿದೆ. ಪ್ರಬಂಧ ನನ್ನ ಕಪಾಟಿನಲ್ಲೇ ಇತ್ತು. ನಿಯಮ ವಿವರಿಸಿದೆ.

"ಹಾಡು ನಂದು. ಪರ್ಮಿಷನ್ ಯಾರ್ದು ಬೇಕ್ರೀ?"

ಮುಂದಿನ ವಾರ ಶನಿವಾರ ಬನ್ನಿ ಎಂದುಬಿಟ್ಟೆ.

ಆ ಸಂಜೆ ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಎದ್ದು ಬಾಗಿಲ ಬಳಿ ನಿಂತೆ, ಮತ್ತೆ ಒಳಗೆ ಬಂದೆ. ನಾನಿಳಿಯಬೇಕಾದ ಮುಲುಂಡ್ ದಾಟಿದ್ದು ಗೊತ್ತೇ ಆಗದೆ ಠಾಣೆಯಲ್ಲಿ ಇಳಿದೆ. ಮಾರನೆಯ ದಿನ ಪ್ರಬಂಧದ ಹುಡುಗಿಗೆ ಕಾಗದ ಹಾಕಿದೆ. ವಿಳಾಸದಲ್ಲಿ ಇಲ್ಲ ಎಂಬ ಷರಾ ಹೊತ್ತು ಅದು ಹಿಂದಿರುಗಿತು. ಮುಖ್ಯ ಗ್ರಂಥಪಾಲಕರನ್ನು ಕೇಳಿದೆ.

"ಅರೇ ಮ್ಯಾಡಮ್, ರೂಲ್ ಈಸ್ ರೂಲ್. ಇವತ್ತು ಈಕೆ, ನಾಳೆ ಯಾರಾದರೂ ಕದ್ದು ಪ್ರಿಂಟ್ ಹಾಕಿಸಿದರೆ?"

ಅವರು ಕೆಟ್ಟ ಮನುಷ್ಯರಲ್ಲ. ಆದರೂ ಶನಿವಾರ ಬರಬೇಡಿ ಎಂದು ಅವಳಿಗೆ ಹೇಳಿಕಳಿಸಲಿಲ್ಲ.

ಶನಿವಾರ ಅವಳು ಮಗಳನ್ನೂ ಕರೆತಂದಳು. ಅರ್ಧ ದಿನದ ಕೆಲಸ ಮುಗಿದು ಓದುವ ಕೋಣೆ ಖಾಲಿಯಾಗಿತ್ತು. ಕಪಾಟು ತೆರೆದೆ. ಪ್ರಬಂಧ ಇಂಗ್ಲಿಷಿನಲ್ಲಿ ಟೈಪಾಗಿತ್ತು. ಕೊನೆಯಲ್ಲಿ ಪದಗಳನ್ನು ಕನ್ನಡದಲ್ಲಿ ಕೈಯಿಂದ ಬರೆದಿದ್ದರು. ತಾಯಿಗೆ ಓದು ಬಾರದು, ಮಗಳಿಗೆ ಕನ್ನಡ ಲಿಪಿ ಬಾರದು. ನಾನು ಓದುತ್ತ ಹೋದೆ, ಮಗಳು ದೇವನಾಗರಿಯಲ್ಲಿ ಬರೆದುಕೊಂಡಳು.

"ತಡೀರಿ," ಎಂದು ತಾಯಿ ಕೈ ಎತ್ತಿದಳು. "ಹೊಳಿ ಅಲ್ರೀ, ಹೋಳಿಗಿ! ತವರವ್ವ ಮಗಳಿಗೆ ಹೊಳಿ ಕಟ್ಟಿ ಕಳಸ್ತಾಳೇನು?"

ಆ ಹೊಳೆಯ ಸಂಕೇತಾರ್ಥದ ಮೇಲೆ ಪ್ರಬಂಧದಲ್ಲಿ ಒಂದೂವರೆ ಪುಟದ ವಿವರಣೆ ಇತ್ತು. ಹೇಳಿದೆ. ತಾಯಿ ಮಗಳಿಬ್ಬರೂ ಸೆರಗು, ದುಪಟ್ಟಾ ಬಾಯಿಗೊತ್ತಿ ನಕ್ಕರು. ಮರೆತ ಸಾಲು ಬಂದಾಗ ಮಾತ್ರ ತಾಯಿ ನಗಲಿಲ್ಲ. ಕಣ್ಣು ಮುಚ್ಚಿ, ಮೆಲ್ಲಗೆ, ಉಳಿದದ್ದನ್ನು ತಾನೇ ಹಾಡಿ ಮುಗಿಸಿದಳು. ತಲೆಯೆತ್ತಿದರೆ ಬಾಗಿಲಲ್ಲಿ ಮುಖ್ಯ ಗ್ರಂಥಪಾಲಕರು. ಪದ ಮುಗಿಯುವವರೆಗೂ ನಿಂತಿದ್ದವರು ಆಗ ತಿರುಗಿ ಹೊರಟುಹೋದರು.

ಸೋಮವಾರ ವಿವರಣೆ ಕೇಳಿ ಅವರಿಂದ ಮೆಮೊ ಬಂತು. ನಿಯಮ ಮುರಿದದ್ದು ನಿಜ ಎಂದು ಬರೆದೆ. ಈ ಪ್ರಬಂಧದ ತಪ್ಪು ತಿದ್ದಬಲ್ಲವರನ್ನೇ ನಾವು ಬಾಗಿಲ ಹೊರಗೆ ನಿಲ್ಲಿಸಿದ್ದೆವು ಎಂದೂ ಬರೆದೆ. ಆಮೇಲೆ ವಾರಗಟ್ಟಲೆ ಸುದ್ದಿಯಿಲ್ಲ. ಪ್ಯೂನ್ ನನ್ನ ಮೇಜಿನ ಕಡೆ ಬಂದಾಗಲೆಲ್ಲ ಅವನ ಕೈಯಲ್ಲಿ ಲಕೋಟೆ ಇದೆಯೇ ಎಂದು ನೋಡುತ್ತಿದ್ದೆ. ಆ ತಾಯಿ ಮಗಳ ಮದುವೆಗೆ ಕರೆದಿದ್ದಳು, ರಜೆ ಕೇಳುವ ಧೈರ್ಯವಾಗದೆ ಹೋಗಲಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಕೊನೆಗೆ ಬಂದದ್ದು ಒಂದು ನೋಟಿಸು. ಶನಿವಾರಗಳಂದು ಯಾರು ಬೇಕಾದರೂ ಹೆಸರು ಬರೆಸಿ, ಕೋಣೆಯಲ್ಲೇ ಕುಳಿತು ಯಾವ ಪ್ರಬಂಧವನ್ನಾದರೂ ಓದಬಹುದು. ಕೆಳಗೆ ಮುಖ್ಯ ಗ್ರಂಥಪಾಲಕರದೇ ಸಹಿ. ನನಗೆ ಕೊಟ್ಟ ಮೆಮೊ ಅಲ್ಲಿಗೇ ಮುಗಿಯಿತು. ಮೊದಲ ಶನಿವಾರ ಬೊರಿವಲಿಯಿಂದ ಒಬ್ಬ ಶಾಲಾ ಮಾಸ್ತರರು ಬಂದರು. ಇಷ್ಟು ಸುಲಭವೇ ಎಂದು ನಂಬದೆ, ಕುರ್ಚಿಯ ತುದಿಯಲ್ಲಿ ಕುಳಿತು, ಬಾಗಿಲು ನೋಡುತ್ತಲೇ ಪುಟ ತಿರುವಿದರು.