ಕೋಟಿನ ಗುಂಡಿ ಯಾವ ಬದಿಗೆ

ಮಾಷ್ಟ್ರ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದಿರುತ್ತಿತ್ತು. ಏನನ್ನಾದರೂ ಸರಿಯಾಗಿ ನೋಡಬೇಕಾದರೆ ಗಲ್ಲ ಮೇಲೆತ್ತಿ ತಲೆಯನ್ನು ಹಿಂದಕ್ಕೆ ವಾಲಿಸುತ್ತಿದ್ದರು. ಹೊಸಬರಿಗೆ ಅದು ಗರ್ವದಂತೆ ಕಾಣುತ್ತಿತ್ತು. ಮೀಂಜದ ನಮ್ಮ ಶಾಲೆಯ ಮಕ್ಕಳಿಗೆ ಮಾತ್ರ ಅವರು ನಿದ್ದೆಗೆಟ್ಟು ಬಂದವರಂತೆ ಕಾಣುತ್ತಿದ್ದರು.

ಕಲಿಸುತ್ತಿದ್ದದ್ದು ಚರಿತ್ರೆ. ಮಹಾಯುದ್ಧದ ಪಾಠ ಬಂದಾಗ ಒಂದು ರಟ್ಟು ತರುತ್ತಿದ್ದರು. ಅದರ ಮೇಲೆ ಯಾವುದೋ ಹಳೆಯ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಫೋಟೋ. ಯುದ್ಧ ಮುಗಿದ ಮೇಲಿನ ಯುರೋಪಿನ ಒಂದು ಬೀದಿ. ಮಾಡು ಹಾರಿ ಗೋಡೆ ಮಾತ್ರ ಉಳಿದ ಮನೆಗಳು, ಇಟ್ಟಿಗೆ ರಾಶಿ, ಅದರೆದುರು ಉದ್ದ ಕೋಟು ತೊಟ್ಟು ನಿಂತ ಒಬ್ಬಳು ಹೆಂಗಸು. ರಟ್ಟು ಬೆಂಚಿನಿಂದ ಬೆಂಚಿಗೆ ಹೋಗುತ್ತಿತ್ತು. "ಎಂತ ಕಾಣ್ತದೆ ಅದು ಮೊದಲು. ಎಂತ ಅನಿಸ್ತದೆ ಅದು ಮತ್ತೆ" ಎನ್ನುವುದು ಅವರ ನಿಯಮ. ಪಾಪ, ಅಳುತ್ತಿದ್ದಾಳೆ ಎಂದವರಿಗೆ ಕಣ್ಣೀರು ಎಲ್ಲಿ ಉಂಟು, ತೋರಿಸು ಎನ್ನುತ್ತಿದ್ದರು.

ನಾನು ಎಂಟನೆಯ ತರಗತಿಯಲ್ಲಿದ್ದೆ. ಅದು ಗಂಡಸರ ಕೋಟು, ಗುಂಡಿಗಳು ಅವಳ ಬಲಬದಿಗೆ ಇವೆ ಎಂದೆ. ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಅಮ್ಮ ಹುಲ್ಲಿಗೆ ಹೋಗುವಾಗ ಸೀರೆಯ ಮೇಲೆ ಅಪ್ಪನ ಅಂಗಿ ತೊಡುತ್ತಾರೆ, ಅದರ ಗುಂಡಿಯೂ ಹೀಗೇ ಎಂದೆ. ಅಪ್ಪ ಕುವೈತಿನಲ್ಲಿದ್ದರು. ಅಲ್ಲಿಯ ಯುದ್ಧ ಮುಗಿದು ವರ್ಷವಾಗಿತ್ತು. ಊರಿನ ಬೇರೆಯವರೆಲ್ಲ ತಿರುಗಿ ಬಂದಿದ್ದರು. ಅಪ್ಪನ ಕಾಗದವೂ ಬಂದಿರಲಿಲ್ಲ.

ಇಷ್ಟು ವರ್ಷ ತನ್ನ ಕಣ್ಣಿಗೇ ಬೀಳಲಿಲ್ಲವಲ್ಲ ಎಂದು ಮಾಷ್ಟ್ರು ಉತ್ಸಾಹದಿಂದ ರಟ್ಟನ್ನು ಕಿಟಕಿಯ ಬಳಿ ಹಿಡಿದರು. "ಹಾಗಾದ್ರೆ ಅದು ಗಂಡನ ಕೋಟು. ಅವನು ಬದುಕಿಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿದರು. ಏನೋ ಹೇಳಲು ಹೊರಟವರು ಹೇಳದೆ ಪಾಠ ಮುಂದುವರಿಸಿದರು.

ಅಂದಿನಿಂದ ನಾನು ಪೋಸ್ಟ್‌ಮ್ಯಾನ್ ಬಂದಿದ್ದನೇ ಎಂದು ಅಮ್ಮನನ್ನು ಕೇಳುವುದು ಬಿಟ್ಟೆ. ಯಾರಾದರೂ ವಿಚಾರಿಸಿದರೆ ಅಪ್ಪ ತೀರಿಕೊಂಡರು ಎನ್ನುತ್ತಿದ್ದೆ. ಮನೆಯಲ್ಲಿ ಅಪ್ಪನ ಮಾತೇ ನಿಂತಿತು. ಮಾಷ್ಟ್ರು ಮಾತ್ರ ಮುಂದಿನ ಪ್ರತಿ ವರ್ಷದ ಮಕ್ಕಳಿಗೂ ನಾನು ಕಂಡುಹಿಡಿದದ್ದನ್ನು ಹೇಳಿಯೇ ನಿವೃತ್ತರಾದರು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಂದ್ಯೋಡಿನ ನನ್ನ ಟೈಲರಿಂಗ್ ಅಂಗಡಿಯ ಮೆಟ್ಟಿಲನ್ನು ಮಾಷ್ಟ್ರು ಎರಡು ಕಡೆ ನಿಂತು ಸುಧಾರಿಸಿಕೊಂಡು ಹತ್ತಿ ಬಂದರು. ಮೊಣಕಾಲು ಬಾತಿತ್ತು. ನೀರು ಕುಡಿದು ಚೀಲದಿಂದ ಒಂದು ಕಾಗದ ತೆಗೆದರು. ಅದೇ ಫೋಟೋ. ಸೋದರಳಿಯ ಕಂಪ್ಯೂಟರಿನಲ್ಲಿ ಹುಡುಕಿ ದೊಡ್ಡದಾಗಿ ಪ್ರಿಂಟ್ ಮಾಡಿ ಕೊಟ್ಟದ್ದಂತೆ. ಇದರಲ್ಲಿ ಹೆಂಗಸು ಇನ್ನೊಂದು ಬದಿಗಿದ್ದಳು. ನಮ್ಮ ರಟ್ಟಿನಲ್ಲಿ ಕಾಣದಿದ್ದ ಒಂದು ಅಂಗಡಿಯ ಬೋರ್ಡು ಅಂಚಿನಲ್ಲಿತ್ತು, ಅಕ್ಷರಗಳು ನೆಟ್ಟಗಿದ್ದವು. ಅಂದರೆ ಹಳೆಯ ಪತ್ರಿಕೆಯಲ್ಲಿ ಚಿತ್ರ ಎಡಬಲ ತಿರುಗಿ ಅಚ್ಚಾಗಿತ್ತು. ಗುಂಡಿಗಳು ನಿಜಕ್ಕೂ ಅವಳ ಎಡಬದಿಗಿದ್ದವು, ಕೋಟು ಹೆಂಗಸರದೇ.

"ಅವಳ ಗಂಡನನ್ನು ನಾನು ಸುಮ್ಮನೆ ಕೊಂದದ್ದು ಮಾರಾಯ್ತಿ" ಎಂದರು.

ಸಿಕ್ಕಿದಷ್ಟು ಹಳೆಯ ಮಕ್ಕಳಿಗೆ ಹೇಳಿ ಬರುತ್ತಿದ್ದರು. ಹಿಂದಿನ ದಿನ ಕುಂಜತ್ತೂರಿಗೆ ಹೋಗಿದ್ದರಂತೆ. ಹಳೆಯ ಫೋಟೋ, ಹೋಗಲಿ ಬಿಡಿ, ಈ ಕಾಲಿನಲ್ಲಿ ಯಾಕೆ ತಿರುಗುತ್ತೀರಿ ಎಂದೆ.

"ನಿನ್ನ ಹತ್ತಿರ ಫೋಟೋಕ್ಕೆ ಬಂದದ್ದಲ್ಲ ನಾನು. ಆ ದಿವಸ ನಿನ್ನ ಮುಖ ನೋಡಿದ್ದೆ. ಅವನು ಸತ್ತನಾ ಬದುಕಿದ್ದಾನಾ ನನಗೆ ಗೊತ್ತಿಲ್ಲ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಚಹಾ ತರಿಸಿದೆ. ಅರ್ಧ ಕುಡಿದು, ಸುಸ್ತಾಯಿತು ಎಂದು ಎದ್ದು ಬಸ್ಸಿಗೆ ಹೋದರು.

ಹೋದ ಆಟಿ ತಿಂಗಳ ಮಳೆಯಲ್ಲಿ ಮಾಷ್ಟ್ರು ತೀರಿಕೊಂಡರು. ಅವರ ಮನೆಯಂಗಳದಲ್ಲಿ ಕುಂಜತ್ತೂರಿನ ಒಬ್ಬ ರಿಕ್ಷಾದವನು ಸಿಕ್ಕಿದ. ನನಗಿಂತ ಎರಡು ತರಗತಿ ಕೆಳಗಿದ್ದವನು. ಅವನಿಗೆ ಆ ಫೋಟೋದ ನೆನಪೇ ಇರಲಿಲ್ಲವಂತೆ. ಅಷ್ಟು ದೂರ ಬಂದವರನ್ನು ಬೇಸರಪಡಿಸುವುದೆಂತಕ್ಕೆ ಎಂದು, ನೆನಪುಂಟು, ತಿದ್ದಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ್ದನಂತೆ.

ಅಪ್ಪನನ್ನು ಕುವೈತಿಗೆ ಕಳಿಸಿದ ಏಜೆಂಟಾಗಲಿ, ಅವರ ಆಸೆ ಬಿಡಿ ಎಂದ ನೆಂಟರಾಗಲಿ ತಪ್ಪಾಯಿತು ಎನ್ನಲು ಒಂದು ದಿನವೂ ನಮ್ಮ ಮೆಟ್ಟಿಲು ಹತ್ತಿ ಬಂದವರಲ್ಲ. ಬಂದವರು ಇವರೊಬ್ಬರೇ.

ಸಾವಿನ ಮನೆಯಿಂದ ಬಂದು ಸ್ನಾನ ಮಾಡಿ ಒಳಗೆ ಹೋದಾಗ, ಅಜ್ಜ ತೀರಿಕೊಂಡದ್ದು ಹೇಗೆ ಎಂದು ಮಗಳು ಕೇಳಿದಳು. ಅವಳು ಕೇಳಿದ್ದು ನನ್ನ ಅಪ್ಪನ ವಿಷಯ.

"ಗೊತ್ತಿಲ್ಲ ಮಗಾ. ತೀರಿಕೊಂಡಿದ್ದಾರಾ ಅಂತಲೂ ಗೊತ್ತಿಲ್ಲ" ಎಂದೆ.

ಅಮ್ಮ ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಬದಿಗಿಟ್ಟು, ಅಪ್ಪ ಹೊರಟ ದಿನ ಬಸ್ಸಿನಲ್ಲಿ ಸೀಟು ಸಿಗದೆ ಬಾಗಿಲ ಬಳಿಯೇ ನಿಂತು ಹೋದದ್ದನ್ನು ಮೊಮ್ಮಗಳಿಗೆ ಮೆಲ್ಲಗೆ ಹೇಳತೊಡಗಿದರು.