ಡೆನ್ಮಾರ್ಕಿನ ಸಂಗೀತ, ಬೌಷರಿನ ಪಾರಿವಾಳ

ಪಾರಿವಾಳಗಳು ವಾಪಸ್ ಬಂದಿವೆ. ಈ ಶುಕ್ರವಾರ ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆಗೆದರೆ ಅದೇ ಹಳೆಯ ವಾಸನೆ. ಹಿಕ್ಕೆ ಮಸ್ಕತ್ತಿನ ಈ ಬೌಷರ್ ಬಡಾವಣೆಯ ಸೆಕೆಯಲ್ಲಿ ನೆನೆದು ಮೂಗಿಗೆ ಅಡರುತ್ತದಲ್ಲ, ಅದು. ಎಸಿ ಡಬ್ಬದ ಮೇಲೆ ಜೋಡಿಯೊಂದು ಮನೆ ಮಾಲೀಕರ ಹಾಗೆ ಕೂತು ನನ್ನನ್ನೇ ನೋಡುತ್ತಿತ್ತು. "ಏನಾದ್ರೂ ಕಟ್ರೀ ಅಲ್ಲಿ, ಬಟ್ಟೆ ಒಣಗಿಸೋಕಾಗ್ತಿಲ್ಲ" ಎಂದು ಒಳಗಿಂದ ಹೆಂಡತಿ ಸುಮಾ ಕೂಗಿದಳು. ಕೂಗಿದವಳೇ ನಾಲಿಗೆ ಕಚ್ಚಿಕೊಂಡಳು. ನಮ್ಮ ಮನೆಯಲ್ಲಿ ಬಾಲ್ಕನಿಗೆ ಏನಾದರೂ ಕಟ್ಟುವ ಮಾತು ಬಂದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಯಾಕೆ ಅಂತ ನಿಮಗೆ ಹೇಳಿಬಿಡುತ್ತೇನೆ. ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ನಾನು ಇರುವುದು ದುಕ್ಮ್ ಬಂದರಿನ ಕೆಲಸ ಹಿಡಿದ ಒಂದು ಕಂಪನಿಯ ಮಸ್ಕತ್ ಆಫೀಸಿನಲ್ಲಿ. ವೀಸಾ, ಪರ್ಮಿಟ್ಟು, ವಿಮಾನದ ಟಿಕೆಟ್ಟು, ಇಷ್ಟೇ ನನ್ನ ಪ್ರಪಂಚ. ಹೆನ್ರಿಕ್ ದುಕ್ಮ್ ಬಂದರಿನಲ್ಲಿದ್ದ ದೊಡ್ಡ ಎಂಜಿನಿಯರು, ಡೆನ್ಮಾರ್ಕಿನವರು, ಆಗಾಗ ನಮ್ಮ ಆಫೀಸಿಗೂ ಬರುತ್ತಿದ್ದರು. ಡೆನ್ಮಾರ್ಕ್ ಅಂದರೆ ನಮಗೆಲ್ಲ ಗೊತ್ತಿದ್ದದ್ದು ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿ ಒಂದೇ, ಬಿಸ್ಕತ್ತು ಖಾಲಿಯಾದ ಮೇಲೆ ಸೂಜಿ ದಾರ ತುಂಬುತ್ತೇವಲ್ಲ, ಅದೇ. ಹಾಗಾಗಿ ಅವರು ಮೊದಲ ರಜೆ ಮುಗಿಸಿ ಬಂದು ಎಲ್ಲರ ಮೇಜಿನ ಮೇಲೂ ಒಂದೊಂದು ಸಿಡಿ ಇಟ್ಟಾಗ ಇಡೀ ಆಫೀಸು ಸಪ್ಪಗಾಯಿತು. ಅವರ ಅಕ್ಕ ಕಿರ್ಸ್ಟನ್ ಊರಲ್ಲಿ ಸಣ್ಣದೊಂದು ರೆಕಾರ್ಡ್ ಕಂಪನಿ ನಡೆಸುತ್ತಿದ್ದರಂತೆ. ಅವರ ದೇಶದವರು ಬರೆದ ಶಾಸ್ತ್ರೀಯ ಸಂಗೀತ, ಅದರಲ್ಲೂ ಇನ್ನೂ ಬದುಕಿರುವವರು ಬರೆದದ್ದು, ಹೊರಗಿನವರ ಕಿವಿಗೂ ಬೀಳಲಿ ಎನ್ನುವುದು ಆಕೆಯ ಹಂಬಲ. "ಸತ್ತವರ ಸಂಗೀತ ಹೇಗೋ ನಡೆಯುತ್ತದೆ, ಬದುಕಿರುವವರದ್ದೇ ಕಷ್ಟ" ಎಂದು ಹೆನ್ರಿಕ್ ನಕ್ಕಿದ್ದರು. ಆ ಕಂಪನಿಯ ಸಿಡಿಗಳ ಒಂದು ಮೈ ಅಚ್ಚ ಅರಿಶಿನದ ಬಣ್ಣ.

ಕೇಳಲಿಲ್ಲ ಅಂತಲ್ಲ. ಹಮ್ರಿಯಾಕ್ಕೆ ಸಾಮಾನು ತರಲು ಹೋಗುವಾಗ ಕಾರಿನಲ್ಲಿ ಹಾಕಿದೆ. ಪಿಟೀಲು ಕಿರ್ರೆಂದಿತು, ನಿಂತಿತು, ಮತ್ತೆ ಕಿರ್ರೆಂದಿತು. ಹಿಂದೆ ಕೂತಿದ್ದ ಮಗಳು ಅನನ್ಯಾ, "ಪಪ್ಪಾ, ಈಸ್ ಸಮ್‌ಥಿಂಗ್ ರಾಂಗ್ ವಿತ್ ದ ಕಾರ್?" ಎಂದಳು. ಸಿಗ್ನಲ್ ಬಿಡುವುದರೊಳಗೆ ಆರಿಸಿದೆ. ಮರುದಿನ ಹೆನ್ರಿಕ್ ಕೇಳಿದರು: "ಕೇಳಿದಿರಾ?"

"ವೆರಿ ನೈಸ್, ಸರ್."

ನೀವೇ ಹೇಳಿ, ಇನ್ನೇನು ಹೇಳಬೇಕಿತ್ತು? ಊಟಕ್ಕೆ ಕರೆದವರ ಸಾರು ಬರೀ ಉಪ್ಪಾಗಿದ್ದರೂ ಇನ್ನೊಂದು ಸೌಟು ಹಾಕಿಸಿಕೊಳ್ಳಬೇಕು ಎಂದು ಮೈಸೂರಿನಲ್ಲಿ ಕಲಿತು ಬೆಳೆದವನು ನಾನು. ಗಲ್ಫಿಗೆ ಬಂದ ಮೇಲೆ ಆ ಅಭ್ಯಾಸಕ್ಕೆ ಇನ್ನಷ್ಟು ಪಾಲಿಶ್ ಬಂತು. ಸಾಹೇಬರು ಕೇಳಿದರೆ ಎಲ್ಲವೂ ವೆರಿ ನೈಸ್: ಬಿಸಿಲು, ಹೊಸ ನಿಯಮ, ರದ್ದಾದ ರಜೆ. ಮಿಕ್ಕವರು ಸಿಡಿಯನ್ನು ಡ್ರಾಯರಿಗೆ ನೂಕಿ ಸುಮ್ಮನಾದರು. ಮೆಚ್ಚಿದವನು ನಾನೊಬ್ಬನೇ ಆದ್ದರಿಂದ ಮುಂದಿನ ಪ್ರತಿ ರಜೆಗೂ ಸಿಡಿಗಳೆಲ್ಲ ನನಗೇ ಬರತೊಡಗಿದವು. ಒಮ್ಮೆಯಂತೂ ಒಂದು ಕಾರ್ಟನ್ನೇ ಬಂತು. ಸಂಗೀತ ಇಷ್ಟಪಡುವ ಸ್ನೇಹಿತರಿಗೂ ಕೊಡಿ ಎಂದರು.

ಆ ಹೊತ್ತಿಗೆ ನಮ್ಮ ಕಟ್ಟಡದಲ್ಲಿ ಪಾರಿವಾಳದ ಕಾಟ ಮಿತಿ ಮೀರಿತ್ತು. ಹೊಳೆಯುವುದೇನಾದರೂ ಗಾಳಿಗೆ ತಿರುಗುತ್ತಿದ್ದರೆ ಅವು ಹತ್ತಿರ ಬರುವುದಿಲ್ಲ. ಉಪಾಯ ನನ್ನದೇ, ಹೊಗಳಿಕೆಯೂ ನನಗೇ. ನಮ್ಮ ಬಾಲ್ಕನಿಗೆ ಒಂದು ಸಾಲು ಕಟ್ಟಿದೆ. ಅದನ್ನು ನೋಡಿ ಎದುರು ಬ್ಲಾಕಿನ ಲವೀನಾ ಬಾಯಿ, ಉಡುಪಿ ಕಡೆಯವರು, ತಮಗೂ ಕೇಳಿದರು. ಅವರ ಪಕ್ಕದವರು ಕೇಳಿದರು. ನಾನು ಕೊಡುತ್ತಾ ಹೋದೆ. ಕಾರ್ಟನ್ ಖಾಲಿಯಾಯಿತು. ಸ್ನೇಹಿತರಿಗೆ ತಲುಪಿತೇ ಎಂದು ಹೆನ್ರಿಕ್ ಕೇಳಿದಾಗ, "ಎಲ್ಲರಿಗೂ ತುಂಬಾ ಉಪಯೋಗವಾಯ್ತು ಸರ್" ಎಂದೆ. ನೋಡಿ, ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಒಂದು ದಿನ ದುಕ್ಮ್‌ನಿಂದ ಹೆನ್ರಿಕ್ ಫೋನು ಮಾಡಿದರು. ಅಕ್ಕ ಮಸ್ಕತ್ತಿಗೆ ಬರುತ್ತಿದ್ದಾರೆ, ನಿಮ್ಮನ್ನೇ ನೋಡಬೇಕಂತೆ. ಕಣ್ಣ ಮುಂದೆ ಬಾಲ್ಕನಿ ಬಂತು. ಬಾಯಿ ಮಾತ್ರ, "ಶುಕ್ರವಾರ ಊಟಕ್ಕೇ ಬನ್ನಿ ಸರ್" ಎಂದಿತು. ಹಿಂದಿನ ದಿನ ನಾನೂ ಸುಮಾಳೂ ಬಾಲ್ಕನಿಯ ಸಿಡಿಗಳನ್ನೆಲ್ಲ ಬಿಚ್ಚಿ, ಒರೆಸಿ, ಡಬ್ಬಿಗೆ ಸೇರಿಸಿ, ಇನ್ನೂ ಬಿಚ್ಚದೆ ಉಳಿದಿದ್ದ ಒಂದೆರಡರ ಜೊತೆ ಶೋಕೇಸಿನಲ್ಲಿ ದೇವರ ಪಟದ ಪಕ್ಕ ಜೋಡಿಸಿದೆವು. ಎಂಥಾ ಜಾಣ ನಾನು ಅಂತ ಬೀಗಿದೆ.

ಕಿರ್ಸ್ಟನ್ ವಯಸ್ಸಾದವರು. ಎತ್ತರದ ಆಳು, ಮೋಟು ಕೂದಲು, ಸದ್ದಿಲ್ಲದ ಮಾತು. ಶೋಕೇಸು ನೋಡಿ ಕಣ್ಣರಳಿಸಿದರು. ಬಿಸಿಬೇಳೆಬಾತು ತಿನ್ನುತ್ತಾ, ಆ ಸಂಗೀತದಲ್ಲಿ ನಿಮಗೇನು ಸಿಗುತ್ತದೆ ಎಂದು ಕೇಳಿದರು. ನಾನು "ಶಾಂತಿ" ಎಂದೆ. ಪುಣ್ಯಾತ್ಗಿತ್ತಿ ಚಮಚ ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಹೋದ ವರ್ಷ ಮುಚ್ಚಿಬಿಡೋಣ ಅಂದುಕೊಂಡಿದ್ದೆ. ಮಸ್ಕತ್ತಿನಲ್ಲಿ ಒಬ್ಬರು ಎಲ್ಲವನ್ನೂ ಕೇಳುತ್ತಾರೆ, ಸ್ನೇಹಿತರಿಗೂ ಕೇಳಿಸುತ್ತಾರೆ ಅಂತ ತಮ್ಮ ಬರೆದ. ಅದನ್ನು ಓದಿ ಇನ್ನೊಂದು ವರ್ಷ ತಳ್ಳಿದೆ." ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಬಾತು ಹಾಕಿದೆ.

ಊಟವಾದ ಮೇಲೆ ಆಕೆ ಬೆಟ್ಟ ನೋಡುತ್ತೇನೆಂದು ಬಾಲ್ಕನಿಗೆ ಹೋದರು. ನನ್ನ ಜಾಣತನ ನಮ್ಮ ಬಾಲ್ಕನಿಯ ಸರಳಿನವರೆಗೆ ಮಾತ್ರ ಓಡಿತ್ತು. ಎದುರು ಬ್ಲಾಕಿನ ಮಹಡಿ ಮಹಡಿಯಲ್ಲೂ ಅರಿಶಿನದ ಸಿಡಿಗಳು ಬಿಸಿಲಿಗೆ ಫಳಫಳ ತಿರುಗುತ್ತಿದ್ದವು. ಕಿರ್ಸ್ಟನ್ ಸರಳು ಹಿಡಿದು ನೋಡಿದರು. "ಏನಿದು, ನಿಮ್ಮ ಹಬ್ಬವೇ?" ಎಂದು ಕೇಳಿದರು.

ಅಷ್ಟರಲ್ಲಿ ಬಟ್ಟೆ ಹರವಲು ಬಂದ ಲವೀನಾ ಬಾಯಿ ನನ್ನನ್ನು ಕಂಡು ಅಲ್ಲಿಂದಲೇ ಕೂಗಿದರು: "ಮಾರಾಯ್ರೇ, ಆ ಹಳದಿ ಸಿಡಿ ಇನ್ನೂ ಉಂಟಾ? ಕಿಚನ್ ಬದಿಗೆ ಬೇಕಿತ್ತು. ಪಾರಿವಾಳ ಒಂದೂ ಈ ಕಡೆ ತಲೆ ಹಾಕುದಿಲ್ಲ ಈಗ!"

"ಏನನ್ನುತ್ತಿದ್ದಾರೆ?" ಎಂದರು ಕಿರ್ಸ್ಟನ್.

"ಇನ್ನಷ್ಟು ಸಿಡಿ ಬೇಕಂತೆ, ಮೇಡಮ್."

ಆಕೆಯ ಮುಖ ಬೆಳಗಿತು. ನಿಜವಾಗಿಯೂ ಬೆಳಗಿತು. ನನ್ನ ಜೀವಮಾನದಲ್ಲಿ ನನ್ನ ಮಾತಿನಿಂದ ಯಾರ ಮುಖವೂ ಹಾಗೆ ಬೆಳಗಿದ್ದಿಲ್ಲ. ಹಿಂದೆಯೇ ನಿಂತಿದ್ದ ಅನನ್ಯಾ, ಅಪ್ಪ ಅರ್ಧ ಹೇಳಿದ್ದನ್ನು ಪೂರ್ತಿ ಮಾಡುವ ಉತ್ಸಾಹದಲ್ಲಿ, "ಫಾರ್ ದ ಪಿಜನ್ಸ್! ಪಪ್ಪಾ ಗೇವ್ ಎವ್ರಿಬಡಿ" ಎಂದಳು.

ಹೆನ್ರಿಕ್ ಕೆಂಪಗಾಗಿ ನನ್ನನ್ನೇ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಾವು ನಿಂತಿದ್ದದ್ದು ಐದನೇ ಮಹಡಿಯಲ್ಲಿ. ಕಿರ್ಸ್ಟನ್ ಎದುರುಗಡೆ ನೋಡಿ, "ಅವು ನಿಜವಾಗಿಯೂ ಬರುವುದಿಲ್ಲವೇ?" ಎಂದರು. "ಇಲ್ಲ ಮೇಡಮ್" ಎಂದೆ. ಒಳಗೆ ಬಂದು ಪಾಯಸ ಕುಡಿದರು, ಸುಮಾಳ ಕೈ ಹಿಡಿದು ಚೆನ್ನಾಗಿತ್ತು ಎಂದರು. ಲಿಫ್ಟಿನ ಹತ್ತಿರ ನನಗೆ ಹೇಳಿದ್ದು ಇಷ್ಟು: "ಇಷ್ಟವಾಗಲಿಲ್ಲ ಅಂದಿದ್ದರೆ ನನಗೆ ಖುಷಿಯಾಗುತ್ತಿತ್ತು. ಹಾಗನ್ನಬೇಕಾದರೂ ಮೊದಲು ಕೇಳಿರಬೇಕಲ್ಲ."

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಹೆನ್ರಿಕ್ ಕೂಡ ಬೈಯಲಿಲ್ಲ. ಮುಂದಿನ ರಜೆಯಿಂದ ಬಂದವರು ನನ್ನ ಮೇಜಿನ ಮೇಲೆ ಬಿಸ್ಕತ್ತಿನ ನೀಲಿ ಡಬ್ಬಿ ಇಟ್ಟು ಹೋದರು. ಒಂದು ಬಿಸ್ಕತ್ತೂ ನನ್ನಿಂದ ನುಂಗಲಾಗಲಿಲ್ಲ. ಅವರ ಎದುರು ಆಮೇಲೆ ಎಂದೂ ವೆರಿ ನೈಸ್ ಅನ್ನಲಿಲ್ಲ ಎನ್ನುವುದು ನಿಜವೇ, ಆದರೆ ಅವರೂ ಏನನ್ನೂ ಕೇಳಲಿಲ್ಲ. ಕೊನೆಗೆ ಅವರಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಟಿಕೆಟ್ ಮಾಡಿದವನೂ ನಾನೇ.

ಇವತ್ತು ಪಾರಿವಾಳ ಓಡಿಸುವುದನ್ನು ಬಿಟ್ಟು, ಶೋಕೇಸಿನಿಂದ ಪ್ಲಾಸ್ಟಿಕ್ಕೂ ಬಿಚ್ಚದ ಒಂದು ಸಿಡಿ ತೆಗೆದುಕೊಂಡು ಕೆಳಗಿಳಿದೆ. ನಮ್ಮ ಹಳೆಯ ಕಾರಿನಲ್ಲಿ ಅದನ್ನು ಹಾಕಲು ಇನ್ನೂ ಜಾಗವಿದೆ. ಪಾರ್ಕಿಂಗಿನಲ್ಲೇ ಎಸಿ ಹಾಕಿಕೊಂಡು ಕೂತು ಮೊದಲಿನಿಂದ ಕೊನೆಯವರೆಗೂ ಕೇಳಿದೆ. ಇಷ್ಟವಾಗಲಿಲ್ಲ. ಎರಡು ಸಲ ಆರಿಸಲು ಕೈ ಹೋಯಿತು. ಒಂದು ಕಡೆ ಮಾತ್ರ ಪಿಟೀಲುಗಳೆಲ್ಲ ಸುಮ್ಮನಾಗಿ ದಪ್ಪ ದನಿಯ ಒಂದೇ ತಂತಿ ಉಳಿಯಿತು. ಅಡುಗೆಮನೆಗೆ ಬಂದು ಯಾಕೆ ಬಂದೆ ಎಂದು ಮರೆತು ನಿಂತವರ ಹಾಗೆ ಅದು ಅಲ್ಲೇ ನಿಂತಿತು. ಅಲ್ಲಿ ಮಾತ್ರ ವಾಲ್ಯೂಮ್ ಸ್ವಲ್ಪ ಏರಿಸಿದೆ. ಡಬ್ಬಿಯ ಹಿಂದಿದ್ದ ವಿಳಾಸಕ್ಕೆ ಈಮೇಲ್ ಮಾಡಿದೆ. ಯಾರೆಂದು ಹೇಳಿಕೊಂಡೆ, ಸಿಡಿಯ ಹೆಸರು ಬರೆದೆ. ಕೇಳಿದೆ, ಇಷ್ಟವಾಗಲಿಲ್ಲ, ಒಂದು ಜಾಗ ಬಿಟ್ಟು, ಎಂದೆ.

ಊಟಕ್ಕೆ ಕೂರುವ ಹೊತ್ತಿಗೆ ಉತ್ತರ ಬಂದಿತ್ತು. ನಮಸ್ಕಾರ ಇಲ್ಲ, ಕ್ಷಮಿಸಿದೆ ಎಂಬ ಮಾತೂ ಇಲ್ಲ. "ಯಾವ ಜಾಗ? ಎಷ್ಟನೇ ನಿಮಿಷ? ಆ ಸಂಗೀತ ಬರೆದಾಕೆಗೆ ಫೋನ್ ಮಾಡಿದ್ದೆ, ಕಾಯುತ್ತಿದ್ದಾಳೆ. ಕಿರ್ಸ್ಟನ್."

ನಿಮಿಷ ಯಾರು ನೋಡಿದ್ದರು! ಬಾಯಿಗೆ ಬಂದ ಯಾವುದೋ ಒಂದು ಸಂಖ್ಯೆ ಒತ್ತಿಯೂ ಆಯಿತು. ಕಳುಹಿಸುವುದಷ್ಟೇ ಬಾಕಿ. ಬೆರಳು ಅಲ್ಲೇ ನಿಂತಿತು. ಅಳಿಸಿದೆ. ಸಿಡಿ ಇನ್ನೂ ಕಾರಿನಲ್ಲೇ ಇತ್ತು.

"ಅನ್ನ ಬಡಿಸಿದೀನಿ, ಎಲ್ಲಿಗ್ರೀ ಹೊರಟ್ರಿ?" ಎಂದಳು ಸುಮಾ.

"ಒಬ್ಬರು ಕಾಯ್ತಿದಾರೆ" ಎಂದು ಕಾರಿನ ಕೀಲಿ ತೆಗೆದುಕೊಂಡೆ.