ಜೀರಿಗೆ ಮಿಡಿಯ ದೊಡ್ಡಮ್ಮ

ದೊಡ್ಡಮ್ಮನ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ಬಾಯಿಯ ಅಂಚಿನವರೆಗೆ, ಒಂದು ಕಪ್ಪು ಗೆರೆ ಇತ್ತು. ಮಾವಿನ ಮಿಡಿಯ ತೊಟ್ಟು ಮುರಿದಾಗ ಚಿಮ್ಮಿದ ಸೊನೆ ಸುಟ್ಟು ಮಾಡಿದ ಗೆರೆ. ಮಳೆಗಾಲದಲ್ಲಿ ಅದು ಮಾಸುತ್ತಿತ್ತು. ಮಾಘ ಕಳೆಯಿತೆಂದರೆ ಹೊಸ ಸೊನೆ ಬಿದ್ದು ಮತ್ತೆ ಕಪ್ಪಾಗುತ್ತಿತ್ತು. ಏನಾದರೂ ಹಚ್ಚಿಕೊಳ್ಳಿ ಎಂದರೆ, ಸುಡದ ಸೊನೆಯ ಮಿಡಿ ಉಪ್ಪಿನಕಾಯಿಗೆ ಆಗುತ್ತದೆಯೇ ಎಂದು ನನ್ನನ್ನೇ ಗದರುತ್ತಿದ್ದರು.

ರಕ್ತಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿಲ್ಲ. ಪಕ್ಕದ ಮನೆಯವರು, ಊರಿಗೆಲ್ಲ ದೊಡ್ಡಮ್ಮ. ಹೊಸನಗರದಿಂದ ಹುಂಚದ ಬಸ್ಸು ಹತ್ತಿ, ದಾರಿಯಲ್ಲಿಳಿದು ಎರಡು ಮೈಲಿ ನಡೆದರೆ ಸಿಗುವ ಊರು ನಮ್ಮದು. ಗಂಡ ತೀರಿಕೊಂಡ ಮೇಲೆ ಅವರು ಮೈದುನ ಮತ್ತು ಅವನ ಹೆಂಡತಿಯ ಜೊತೆ ಇದ್ದರು. ಆ ಗಂಡಹೆಂಡತಿಯನ್ನು ನಾನು ಚಿಕ್ಕಪ್ಪ, ಚಿಕ್ಕಮ್ಮ ಎಂದೇ ಕರೆಯುವುದು.

ನಾನು ಹೊನ್ನಾಳಿ ಕಡೆಯ ಬಯಲಿನವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಹುಟ್ಟಾ ಹೆದರುಪುಕ್ಕಲಿ. ಮನೆ ಹಿಂದಿನ ಕಾಡು ನೋಡಿದರೇ ಎದೆ ಡವಡವ ಎನ್ನುತ್ತಿತ್ತು. ಬಂದ ವರ್ಷದ ಬೇಸಿಗೆಯಲ್ಲಿ ದೊಡ್ಡಮ್ಮ ಸೆರಗಿನ ತುಂಬ ಕವಳಿ ಹಣ್ಣು ತಂದು ನನ್ನ ಮುಂದೆ ಸುರಿದರು. ಕಪ್ಪು ಹಣ್ಣು, ಮುರಿದರೆ ಹಾಲು ಬರುತ್ತದೆ. ವಿಷವಿರಬಹುದೇ ಎಂದು ಕೇಳಿದೆ. "ತಿಂದ್ ನೋಡು, ಆಮೇಲೆ ಹೆದ್ರು" ಎಂದರು. ತಿಂದೆ. ತುಟಿಗೆ ತುಟಿ ಅಂಟಿಕೊಂಡಿತು, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅದೇ ಅವರ ಮಾತಾಯಿತು. ಏನು ಕೊಟ್ಟರೂ ಮೊದಲು ತಿನ್ನಬೇಕು, ಹೆದರಿಕೆ ನಂತರ.

ಹಾಗೆ ಅವರು ನನಗೆ ಬೇಸಿಗೆಯನ್ನು ಕಲಿಸಿದರು. ಎಳೆ ಹಲಸಿನ ಗುಜ್ಜೆಗೆ ಕೈಗೆ ಎಣ್ಣೆ ಸವರಿಕೊಂಡು ಕತ್ತಿ ಹಾಕುವುದು, ಕೆಂಪಗೆ ಹಣ್ಣಾದ ಮುರುಗಲನ್ನು ಹಿಚುಕಿ ಬೆಲ್ಲ ಹಾಕಿ ಪಾನಕ ಮಾಡುವುದು, ಕಾಡುಮಾವಿನ ಹಣ್ಣನ್ನು ಗೊರಟು ಸಮೇತ ಗೊಜ್ಜಿಗೆ ಹಾಕಿ ಊಟ ಮುಗಿದ ಮೇಲೂ ಎಲೆಯ ಮುಂದೆ ಕೂತು ಗೊರಟು ಚೀಪುವುದು. ಮೂರು ಬೇಸಿಗೆ ಕಳೆಯುವಷ್ಟರಲ್ಲಿ ನಾನು ಅವರ ಹಿಂದೆ ಕಾಡಿಗೆ ಹೋಗುವವಳಾದೆ. ನನ್ನ ತವರಿನವರು ನಂಬಲಿಲ್ಲ.

ಎಲ್ಲಕ್ಕಿಂತ ಮೇಲು ಜೀರಿಗೆ ಮಿಡಿ. ಹಳ್ಳದಾಚೆಯ ಕಾಡಿನಲ್ಲಿ ಒಂದೇ ಒಂದು ಮರ. ಮಿಡಿ ಮುರಿದು ಮೂಸಿದರೆ ಜೀರಿಗೆಯ ಪರಿಮಳ. ಚಿಕ್ಕಪ್ಪ ಮರ ಹತ್ತಿ, ತೊಟ್ಟು ಬಿಡದಂತೆ ಕೊಯ್ದು, ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ಒಂದು ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಗಿ ಜಾಡಿಗೆ ಸೇರಿದರೂ ಇಡೀ ಜಾಡಿ ಕೆಡುತ್ತದೆ. ದೊಡ್ಡಮ್ಮ ಮರದಡಿಯ ತರಗೆಲೆಯ ಮೇಲೆ ಕಾಲು ಚಾಚಿ ಕೂತು, ಬುಟ್ಟಿ ಇಳಿದಂತೆಲ್ಲ ಮಿಡಿ ಮೂಸಿ ಮೂಸಿ ಆರಿಸುತ್ತಿದ್ದರು. ಬೆಳಗ್ಗೆ ಕೂತರೆ ಏಳುವಾಗ ಮಧ್ಯಾಹ್ನ ಕಳೆದಿರುತ್ತಿತ್ತು.

ಅಷ್ಟರಲ್ಲಿ ನಾನು ಊರಿನ ಆಶಾ ಕಾರ್ಯಕರ್ತೆಯಾಗಿದ್ದೆ. ಆ ವರ್ಷ ಬೇಸಿಗೆಯ ಮೊದಲಲ್ಲೇ ಹಳ್ಳದಾಚೆ ಒಂದು ಮಂಗ ಸತ್ತು ಬಿತ್ತು. ನಮ್ಮ ಮಲೆನಾಡಿನ ಕಡೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಂಗನ ಕಾಯಿಲೆ. ಸತ್ತ ಮಂಗನ ಮೈಯಿಂದ ಉಣುಗು ಉದುರಿ ತರಗೆಲೆಯಲ್ಲಿ ಇರುತ್ತದೆ, ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಉಣುಗು ಹತ್ತದಂತೆ ಕೈಕಾಲಿಗೆ ಈ ಎಣ್ಣೆ ಹಚ್ಚಿಕೊಳ್ಳಿ ಎಂದು ಮನೆಮನೆಗೆ ಬಾಟಲಿ ಕೊಟ್ಟು ಬಂದೆ. ರಾತ್ರಿ ಮಲಗಿದರೆ ಕತ್ತಿನ ಹಿಂದೆ ಏನೋ ಹರಿದಂತಾಗಿ ಎದ್ದು ಕೂರುತ್ತಿದ್ದೆ. ಮಗಳ ಕಿವಿಯ ಹಿಂದೆ, ಕಂಕುಳಲ್ಲಿ, ಮೊಬೈಲಿನ ಬೆಳಕು ಬಿಟ್ಟು ಹುಡುಕುತ್ತಿದ್ದೆ.

ಮಿಡಿಯ ಕಾಲ ಬಂತು. ದೊಡ್ಡಮ್ಮನ ಮನೆಗೆ ಹೋದರೆ ನಾನು ಕೊಟ್ಟ ಬಾಟಲಿ ಅವರ ಕೋಣೆಯ ಗೂಡಿನಲ್ಲಿತ್ತು, ಮುಚ್ಚಳದ ಸೀಲು ಒಡೆದಿರಲಿಲ್ಲ. ಅವರು ಬುಟ್ಟಿ, ಹಗ್ಗ ತೆಗೆದಿಟ್ಟು ಹೊರಡಲು ನಿಂತಿದ್ದರು. ಎಣ್ಣೆ ಹಚ್ಚಿಕೊಳ್ಳಿ ಎಂದೆ.

"ಆ ಎಣ್ಣೆ ಕೈಲಿ ಮಿಡಿ ಮುಟ್ಟಿದ್ರೆ ಜಾಡಿ ತುಂಬ ಅದೇ ನಾತ ಮಾರಾಯ್ತಿ. ನನ್ ಮೂಗಿಗೂ ಜೀರಿಗೆ ಯಾವ್ದು, ಸಾದಾ ಯಾವ್ದು ಗೊತ್ತಾಗಲ್ಲ. ನಿಂಗೆ ಈ ಸಲ ಮಿಡಿ ಬೇಕಾ, ಬ್ಯಾಡ್ವಾ?"

ಕಾಲಿಗಾದರೂ ಹಚ್ಚಿಕೊಳ್ಳಿ ಎನ್ನಬಹುದಿತ್ತು. ಬಾಟಲಿ ಒಡೆದು ನಾನೇ ಹಚ್ಚಬಹುದಿತ್ತು. ಕಾಡಿನ ದಾರಿಗೆ ಅಡ್ಡ ನಿಲ್ಲಬಹುದಿತ್ತು. ನಾನು ನಕ್ಕೆ. ಬೇಕು ಎಂದೆ. ನನ್ನ ಪಾಲಿನ ಮಿಡಿಗೆ ಜಾಡಿ ತೊಳೆದು ಬಿಸಿಲಿಗೆ ಇಟ್ಟಾಗಿತ್ತು. ಮನೆಗೆ ಬಂದು ಕೆಲಸದ ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಎಣ್ಣೆ ಬಳಸುತ್ತಿದ್ದಾರೆ ಎಂದು ಬರೆದೆ.

ಮಿಡಿ ಬಂತು. ಅಂಥ ಮಿಡಿ ನಾನು ಅದುವರೆಗೆ ಕಂಡಿರಲಿಲ್ಲ. ಉಪ್ಪು ಹಾಕಿ ಜಾಡಿಗೆ ತುಂಬಿದೆವು. ಆರನೆಯ ದಿನ ದೊಡ್ಡಮ್ಮನಿಗೆ ಜ್ವರ ಬಂತು.

ಚಿಕ್ಕಮ್ಮ ಬಿಸಿಲಿನ ಜ್ವರ ಇರಬೇಕೆಂದರು. ನಾನು ಕಣ್ಣು ನೋಡಿದೆ, ಕೆಂಡದಂತಿತ್ತು. ತಲೆ ಸೀಳಿಹೋಗುತ್ತಿದೆ, ಸೊಂಟ ಮುರಿದ ಹಾಗಿದೆ ಎನ್ನುತ್ತಿದ್ದರು. ಜೀಪು ಮಾಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ರಕ್ತ ಪರೀಕ್ಷೆಗೆ ಹೋಯಿತು. ಆ ಎರಡು ದಿನ ಫೋನು ಬಂದರೆ ಎತ್ತಲು ಹೆದರಿಕೆ, ಬಾರದಿದ್ದರೂ ಹೆದರಿಕೆ. ಸಿಗಂದೂರು ಅಮ್ಮನಿಗೆ ಹರಕೆ ಹೊತ್ತೆ. ಫಲಿತಾಂಶ ಬಂತು, ಅದೇ.

ಡಾಕ್ಟರು ಮಂಚದ ಹತ್ತಿರ ಬಂದು ಕಾಡಿಗೆ ಹೋಗುವಾಗ ಎಣ್ಣೆ ಹಚ್ಚಿಕೊಂಡಿದ್ದಿರಾ ಎಂದು ಕೇಳಿದರು. ನಾನು ಕಾಲ ಬಳಿ ನಿಂತಿದ್ದೆ, ಚಿಕ್ಕಪ್ಪ ಚಿಕ್ಕಮ್ಮ ಬಾಗಿಲಲ್ಲಿದ್ದರು. ದೊಡ್ಡಮ್ಮ ಕಣ್ಣು ಬಿಟ್ಟು ಮೊದಲು ನನ್ನ ಮುಖ ನೋಡಿದರು.

"ಹಚ್ಕಂಡಿದ್ದೆ ಸಾರ್. ಈ ಹುಡುಗಿನೇ ಕೊಟ್ಟಿತ್ತು. ದಿನಾ ಬಂದು ಕೇಳ್ತಿತ್ತು."

ಡಾಕ್ಟರು ಬರೆದುಕೊಂಡರು. ನಾನು ಅವರ ಕಾಲ ಮೇಲಿನ ಹೊದಿಕೆ ಸರಿಮಾಡಿದೆ.

ಹತ್ತು ದಿನಕ್ಕೆ ಜ್ವರ ಇಳಿಯಿತು, ಮನೆಗೆ ಬಂದರು. ಗಂಜಿ ಕುಡಿದರು, ಅಂಗಳದಲ್ಲಿ ಕೂತರು. ಯಾರೂ ಇಲ್ಲದ ಹೊತ್ತು ನೋಡಿ ಸುಳ್ಳು ಯಾಕೆ ಹೇಳಿದಿರಿ ಎಂದು ಅತ್ತೆ. "ಸುಮ್ನಿರು. ನಿನ್ ಕೆಲ್ಸಕ್ಕೆ ಕುತ್ತು ಬಂದ್ರೆ ನಂಗೆ ಆ ಮಿಡಿ ಗಂಟಲಲ್ಲಿ ಇಳಿಯತ್ತಾ? ಹೋದ ಜೀವ ಬಂತಲ್ಲ" ಎಂದು ತಲೆ ಸವರಿದರು. ಬಂತು ಎಂದೇ ನಾನೂ ನಂಬಿದೆ. ಈ ಕಾಯಿಲೆ ಒಮ್ಮೆ ಬಿಟ್ಟು ಮತ್ತೆ ಮರಳಬಹುದೆಂದು ತರಬೇತಿಯಲ್ಲಿ ಹೇಳಿದ್ದರು. ಅದನ್ನು ನೆನೆಯಲು ಮನಸ್ಸು ಒಪ್ಪಲಿಲ್ಲ. ಮುಂದಿನ ವಾರ ಅವರ ಕೈ ನಡುಗತೊಡಗಿತು, ಲೋಟ ಹಿಡಿಯಲಾಗಲಿಲ್ಲ. ಮತ್ತೆ ಜ್ವರ. ತಾಳಗುಪ್ಪಕ್ಕೆ ಮದುವೆ ಮಾಡಿ ಕೊಟ್ಟಿದ್ದ ಅವರ ಮಗಳು ಬಂದಾಗ ಗುರುತು ಹಿಡಿಯಲಿಲ್ಲ. ಮೂರನೆಯ ದಿನ ಹೋದರು. ಮುಖಕ್ಕೆ ನೀರು ಹಾಕುವಾಗ ಕೆನ್ನೆಯ ಗೆರೆ ಇನ್ನೂ ಮಾಸದೆ ಕಪ್ಪಗಿತ್ತು.

ನಾನು ಯಾರಿಗೂ ಏನೂ ಹೇಳಲಿಲ್ಲ. ಕೆಲಸ ಹೋಗುವ ಹೆದರಿಕೆ, ಊರವರ ಕಣ್ಣಿನ ಹೆದರಿಕೆ. ಸತ್ತವರ ಮಾತನ್ನು ಸುಳ್ಳು ಮಾಡಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುವರ್ಷ ಎಣ್ಣೆ ಬಾಟಲಿ ಹಿಡಿದು ಹೊರಟರೆ ಜನ ತೆಗೆದುಕೊಳ್ಳಲೇ ಇಲ್ಲ. ದೊಡ್ಡಮ್ಮ ಹಚ್ಚಿಕೊಂಡೂ ಸತ್ತರು, ಇನ್ನು ಈ ನಾತ ಯಾಕೆ ಎನ್ನುವುದು ಪ್ರತಿ ಮನೆಯ ಮಾತು. ಅವರು ನನಗಾಗಿ ಹೇಳಿದ ಮಾತು ಊರಿಡೀ ಹರಡಿತ್ತು. ಹಳ್ಳದಾಚೆ ಮತ್ತೆ ಮಂಗ ಸತ್ತಿತ್ತು. ಆ ಭಯವನ್ನು ಹೇಗೆ ಹೇಳಲಿ. ಜಗಲಿಯಲ್ಲಿ ಆಡುವ ಒಂದೊಂದು ಮಗುವನ್ನೂ ಕರೆದು ಕಿವಿಯ ಹಿಂದೆ ಉಣುಗು ಹುಡುಕುತ್ತಿದ್ದೆ.

ಒಂದು ಬೆಳಗ್ಗೆ ಚಿಕ್ಕಮ್ಮ ಬುಟ್ಟಿ, ಹಗ್ಗ ಹಿಡಿದು ಅಂಗಳಕ್ಕಿಳಿದರು. ಚಿಕ್ಕಪ್ಪ ಮುಂದೆ ಹೋಗಿಯಾಗಿತ್ತು. ನಾನು ಓಡಿಹೋಗಿ ಬಾಟಲಿ ಚಾಚಿದೆ.

"ಅಕ್ಕ ಹಚ್ಕಂಡೇ ಹೋಗಿದ್ದಲ್ಲನೇ. ಎಂತ ಆಯ್ತು?" ಎಂದರು.

"ದೊಡ್ಡಮ್ಮ ಹಚ್ಕೊಂಡಿರ್ಲಿಲ್ಲ ಚಿಕ್ಕಮ್ಮ. ಬಾಟ್ಲಿ ಸೀಲೇ ಒಡೆದಿರ್ಲಿಲ್ಲ. ನಂಗೊತ್ತಿತ್ತು."

ಅವರು ಬುಟ್ಟಿ ಕೆಳಗಿಟ್ಟರು. "ಗೊತ್ತಿದ್ದೂ ಯಾಕೆ ಬಿಟ್ಟೆ?"

"ಮಿಡಿ ಬೇಕಿತ್ತು."

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಅವರು ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡು ಕಟ್ಟೆಯ ಮೇಲೆ ಕೂತರು. ಸೀಲು ಒಡೆದು ಎರಡೂ ಕಾಲಿಗೆ, ಕೈಗೆ, ಕತ್ತಿಗೆ ಹಚ್ಚಿಕೊಂಡರು. ಚಿಕ್ಕಪ್ಪನನ್ನು ಕೂಗಿ ಕರೆದು ಅವರಿಗೂ ಹಚ್ಚಿದರು. ಸಂಜೆಯೊಳಗೆ ಊರಿಗೆಲ್ಲ ವಿಷಯ ಗೊತ್ತಾಯಿತು. ಮರುದಿನ ನಾಲ್ಕು ಮನೆಯವರು ತಾವಾಗಿ ಬಂದು ಎಣ್ಣೆ ಕೇಳಿದರು.

ಆ ವರ್ಷ ನಮ್ಮ ಊರಿನಲ್ಲಿ ಯಾರಿಗೂ ಕಾಯಿಲೆ ಬರಲಿಲ್ಲ. ಚಿಕ್ಕಮ್ಮ ಈಗಲೂ ಪ್ರತಿ ಬೇಸಿಗೆ ನಮ್ಮ ಬಾಗಿಲಿಗೆ ಬಂದು ಬಾಟಲಿಗೆ ಕೈ ಚಾಚುತ್ತಾರೆ. ನನ್ನ ಜೊತೆ ಮಾತಾಡುವುದಿಲ್ಲ.